ಎರಡನೆಯ ಜವಳ

ಲಕ್ಷ್ಮೀ ನಗರ, ನಾಗಪುರ
16 ಡಿಸೆಂಬರ್ 1984

ಅಂಬಕ್ಕನಿಗೆ ನರಹರಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಕೊರಳೊಂದನ್ನು ಬಿಟ್ಟು. ದಸರೆಗೆ ವಿಜಾಪುರಕ್ಕೆ ಬಂದಾಗ ನೀನು "ಇದೇನೋ ತಮ್ಮಾ, ಕೊರಳಾಗ ಲಿಂಬಿಕಾಯಿ?" ಅಂತ ಮುಟ್ಟಿ ನೋಡಿದ್ದೆಯಲ್ಲ, ಅದು ಈಗ ಸಂಸಾರ ಸಮೇತ ಠಿಕಾಣಿ ಹೂಡಿದೆ. ನಮ್ಮ ಗಲ್ಲಿಯ ಡಾಕ್ಟರು ಗಂಡಮಾಲೆ ಇರಬೇಕೆಂದು ಕ್ಷಯದ ಔಷಧ ಕೊಟ್ಟರು. ದಸರೆಯಿಂದ ಮೊನ್ನೆಯವರೆಗೂ ಚುಚ್ಚಿಸಿಕೊಂಡೆ. ಗಂಟು ಅದನ್ನು ಗೊಬ್ಬರ ಅಂತ ತಿಳಿದುಕೊಂಡಿತು. ರಾತ್ರಿ ಬೆವರಿ ಹಾಸಿಗೆ ತೊಯ್ಯತೊಡಗಿದಾಗ ಪ್ರಭಾ ನನ್ನನ್ನು ರಾಮದಾಸಪೇಠಕ್ಕೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರ್ ಸಹಸ್ರಬುದ್ಧೆ ಒಂದು ಚೂರು ಕತ್ತರಿಸಿ ಮುಂಬೈಗೆ ಕಳಿಸಿದರು. ನಿನ್ನೆ ಉತ್ತರ ಬಂತು.

ಹೆಸರು ನಾನ್-ಹಾಡ್ಕಿನ್ ಲಿಂಫೋಮಾ. ಹಾಡ್ಕಿನ್ ಎಂಬ ಸಾಹೇಬ ಒಂದು ರೋಗಕ್ಕೆ ತನ್ನ ಹೆಸರು ಕೊಟ್ಟನಂತೆ. ನನ್ನದು ಅವನದಲ್ಲದ್ದು. ಇಂಥವನ ಮಗನಲ್ಲ ಅನ್ನುವುದೇ ಪಾಪ ಅದರ ಗುರುತು. ಬಳಸಿ ಹೇಳಿದರೆ ನೀನು ಹೆಚ್ಚು ಗಾಬರಿಯಾಗುತ್ತೀ, ಅದಕ್ಕೆ ನೇರ ಬರೆಯುತ್ತೇನೆ: ಕ್ಯಾನ್ಸರ್. ಅದರಲ್ಲೂ ಉಗ್ರ ಜಾತಿಯದು.

ಆದರೆ ಇದರಲ್ಲೊಂದು ವಿಚಿತ್ರ ಇದೆ. ಮೆಲ್ಲಗೆ ಬೆಳೆಯುವ ಜಾತಿ ವರ್ಷಗಟ್ಟಲೆ ಜೊತೆಗಿರುತ್ತದಂತೆ, ಬಿಟ್ಟು ಮಾತ್ರ ಹೋಗುವುದಿಲ್ಲ, ನಮ್ಮ ಆಡಿಟ್ ಆಫೀಸಿನ ಹಳೆಯ ಆಕ್ಷೇಪಣೆಗಳ ಹಾಗೆ. ಉಗ್ರದ್ದು ಓಡಿ ಬರುತ್ತದೆ, ಔಷಧ ತಾಕಿದರೆ ಓಡಿಹೋಗಿ ಮತ್ತೆ ಬರದೆಯೂ ಇರಬಹುದು. ಮೂವರಲ್ಲಿ ಒಬ್ಬರಿಗೆ ಹಾಗಾಗುತ್ತದೆ ಅಂದರು. ಹೆಸರಿನಲ್ಲೇ ಸಾವಿರ ಬುದ್ಧಿ ಇಟ್ಟುಕೊಂಡ ಮನುಷ್ಯ ಅಷ್ಟು ಹೇಳುವಾಗ ಕಿಟಕಿಯ ಕಡೆ ನೋಡಿದರು. ಉಳಿದ ಇಬ್ಬರ ಬಗ್ಗೆ ನಾನೂ ಕೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಔಷಧ ಶುರು. ಮೂರು ವಾರಕ್ಕೊಂದು ಸುತ್ತು, ಒಟ್ಟು ಆರು.

ಕೊರಳಲ್ಲಿ ಇರಬೇಕಿತ್ತು ಹಾರ,
ಬಂದು ಕೂತಿದೆ ಲಿಂಬೆಯ ಭಾರ.

ಭಾವನವರಿಗೆ ಜೋರಾಗಿ ಓದಬೇಡ ಅನ್ನು.

ನಿನ್ನ ನರಹರಿ


ವಿಜಾಪುರ
27 ಡಿಸೆಂಬರ್ 1984

ಚಿರಂಜೀವಿ ನರಹರಿಗೆ ಅಂಬಕ್ಕನ ಆಶೀರ್ವಾದ. ಚಿರಂಜೀವಿ ಅನ್ನೋದನ್ನ ಈ ಸಲ ಎರಡು ಸರ್ತಿ ತಿದ್ದಿ ಬರ್ದೀನಿ.

ನಿನ್ನ ಪತ್ರ ನಿಮ್ಮ ಭಾವ ಓದಿದರು, ಮಗ್ಗಲ ಮನಿಯವರಿಗೆ ಕೇಳಬಾರದಂತ ಮೆಲ್ಲಕ. ಓದಿ ಮುಗಿಸಿ ಚಷ್ಮಾ ತಗದು ಒರಸಿಕೋತ ಕೂತರು. ಆ ಚಷ್ಮಾದಾಗ ಏನೂ ಧೂಳ ಇರಲಿಲ್ಲ. ಊರಾಗ ಯಾರಿಗೂ ಹೇಳಿಲ್ಲ. ಕೇಳಿದವರಿಗೆ ಕಾಮಣಿ, ಕಣ್ಣು ಹಳದಿ ಆಗ್ಯಾವ ಅಂದೀವಿ. ನಮ್ಮ ಹುಡುಗ ದತ್ತು ಮಾತ್ರ ಕಾಲೇಜಿನ ಪುಸ್ತಕದಾಗ ನೋಡಿ ಬಂದು ಊಟ ಬಿಟ್ಟ. "ಮಾಮಾ ಪ್ರಾಸ ಕಟ್ಯಾನ ಅಂದ್ರ ಆರಾಮ ಇದ್ದಾನ, ಉಣ್ಣು" ಅಂತ ಬೈದು ಉಣಿಸೀನಿ.

ಒಂದು ಕೆಲಸ ಮಾಡೀನಿ, ನಗಬ್ಯಾಡ. ನಿನ್ನ ಜವಳ ನಮ್ಮ ಮನಿದೇವರು ತೊರವಿ ನರಸಿಂಹನ ಮುಂದ ಆದಾಗ ನಾನು ಏಳು ವರ್ಷದ ಹುಡುಗಿ. ಹುಟ್ಟುಗೂದಲು ನೆಲಕ್ಕ ಬೀಳಬಾರದಂತ ಸೋದರತ್ತಿ ಉಡಿ ಒಡ್ಡಿದ್ದಳು. ನೀ ಕಿರಿಚಿದ್ದಕ್ಕ ಗುಡಿಯ ಪಾರಿವಾಳ ಎಲ್ಲಾ ಎದ್ದು ಹೋಗಿದ್ದವು. ಮೊನ್ನೆ ಅಲ್ಲೇ ಹೋಗಿ ಬೇಡಿಕೊಂಡೆ: ಇವನನ್ನ ಉಳಿಸು, ಹೊಸದಾಗಿ ಹುಟ್ಟಿ ಬಂದಾನಂತ ತಿಳಿದು ಎರಡನೇ ಜವಳ ನಿನ್ನ ಮುಂದನ ಮಾಡಿಸ್ತೀನಿ. ಈ ಸಲ ಉಡಿ ನಂದು.

ಅಲ್ಲೀತನಕ ತಲಿಗೆ ಕತ್ತರಿ ಮುಟ್ಟಿಸಬ್ಯಾಡ.

ಅಂಬಕ್ಕ


ನಾಗಪುರ
12 ಫೆಬ್ರುವರಿ 1985

ಅಂಬಕ್ಕಾ,

ಕತ್ತರಿ ಮುಟ್ಟಿಸಬೇಡ ಅಂದಿದ್ದೆ. ಮುಟ್ಟಿಸಿಲ್ಲ. ಅದರ ಗರಜೇ ಬೀಳಲಿಲ್ಲ.

ಮೊದಲ ಸುತ್ತು ಆಗಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಎದ್ದರೆ ತಲೆದಿಂಬಿನ ಮೇಲೆ ಯಾರೋ ಮಲಗಿದ ಹಾಗಿತ್ತು. ನನ್ನದೇ ಕೂದಲು. ಸ್ನಾನಕ್ಕೆ ಹೋದೆ, ಉಳಿದದ್ದೂ ಕೈಗೆ ಬಂತು. ಪ್ರಭಾ ಮೋರಿಯ ಜಾಳಿಗೆಯಿಂದ ಬಿಡಿಸಿ ತೆಗೆದಳು, ಅಳಲಿಲ್ಲ. "ಅಹೋ, ತುಮ್ಚಾ ದೇವ್ ಜಲ್ದಿತ್ ಆಹೇ" ಅಂದಳು. ನಿಮ್ಮ ದೇವರಿಗೆ ಅವಸರ ಅಂತ. ಹುಬ್ಬೂ ತೆಳ್ಳಗಾಗಿದೆ. ಆಫೀಸಿನಿಂದ ನೋಡಲು ಬಂದ ಉಮಾಪತಿ ಬಾಗಿಲಲ್ಲೇ ನಿಂತು "ಯಾರು ಹೋದರು?" ಅಂತ ಕೇಳಿದ. ಸೂತಕದ ತಲೆ ಅಂತ ತಿಳಿದಿದ್ದ. "ಇನ್ನೂ ಯಾರೂ ಇಲ್ಲ, ಕೂಡು" ಅಂದೆ.

ಔಷಧ ನಾಲ್ಕು ಥರ. ಒಂದು ಕೆಂಪಗೆ, ಬೇಸಿಗೆಯ ಶರಬತ್ತಿನ ಹಾಗೆ. ಅದು ನರದೊಳಗೆ ಇಳಿಯುವಾಗ ನೋಡಲು ಚಂದ. ಆಮೇಲೆ ಮೂತ್ರವೂ ಅದೇ ಬಣ್ಣ, ಅಲ್ಲಿ ಅಷ್ಟು ಚಂದವಲ್ಲ. ಇನ್ನೊಂದರಿಂದ ಬೆರಳ ತುದಿಗೆ ಜೋಮು. ಅಂಗಿಯ ಗುಂಡಿ ಪ್ರಭಾ ಹಾಕುತ್ತಾಳೆ. ಈ ಅಕ್ಷರ ಸೊಟ್ಟಗಿರುವುದು ಅದಕ್ಕೇ, ಮನಸ್ಸಿನದೇನಲ್ಲ. ಗುಳಿಗೆಯಿಂದ ರಾಕ್ಷಸ ಹಸಿವು, ಇಂಜೆಕ್ಷನ್ನಿನಿಂದ ವಾಂತಿ. ಒಬ್ಬ ಡಾಕ್ಟರು ಕೊಟ್ಟ ಎರಡು ಔಷಧ ಇಷ್ಟು ಜಗಳ ಆಡಿದ್ದು ನೋಡಿರಲಿಲ್ಲ.

ಗಂಟು ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಎರಡು ಸುತ್ತು ಆಯಿತು, ಇನ್ನು ನಾಲ್ಕು. ಎಲ್ಲ ಮುಗಿದ ಮೇಲೆ ಕೂದಲು ಬರುತ್ತದಂತೆ.

ಎಣ್ಣೆಯ ಸೀಸೆಗೆ ರಜೆ ಕೊಟ್ಟಾಯ್ತು,
ಕನ್ನಡಿಯೊಂದಿಗೆ ಮಾತು ಬಿಟ್ಟಾಯ್ತು.

ನರಹರಿ


ವಿಜಾಪುರ
2 ಮಾರ್ಚ್ 1985

ಚಿ. ನರಹರಿಗೆ ಆಶೀರ್ವಾದ.

ಗಂಟು ಇಳೀತು ಅನ್ನೋದು ಓದಿ ದೇವರ ಮುಂದ ತುಪ್ಪದ ದೀಪಾ ಹಚ್ಚೀನಿ. ನಿನ್ನ ಅಕ್ಷರ ನೋಡಿ ದತ್ತು "ಮಾಮಾ ಬಸ್ಸಿನಾಗ ಕೂತು ಬರದಾನೇನು?" ಅಂದ. ಜೋಮು ಹಿಡದ ಕೈಲೆ ಇಷ್ಟುದ್ದ ಬರೀಬ್ಯಾಡ.

ಈಗ ನಿಜ ಹೇಳತೀನಿ, ನನಗ ರಾತ್ರಿ ನಿದ್ದಿ ಇಲ್ಲ. ಜೋಯಿಸರಿಗೆ ಕೇಳಿದೆ. ಜವಳ ಆಗೋದಾದರ ಜ್ಯೇಷ್ಠದೊಳಗ ಆಗಬೇಕಂತ. ಜ್ಯೇಷ್ಠ ದಾಟಿದರ ಆಷಾಢ, ಅದರ ಬೆನ್ನಿಗೆ ಈ ವರ್ಷ ಶ್ರಾವಣ ಅಧಿಕ. ಮುಂದ ಚಾತುರ್ಮಾಸ. ದೀಪಾವಳಿ ಆದ ಮ್ಯಾಲೇನ ಮುಹೂರ್ತ. "ಅಷ್ಟು ದಿವಸ ದೇವರ ಸಾಲ ತಲಿ ಮ್ಯಾಲ ಇಟ್ಟುಕೊಂಡು ಔಷಧ ತಗೊಂಡ್ರ ತೂತಿನ ಕೊಡದಾಗ ನೀರು ತುಂಬಿದಂಗ, ಅಂಬುಜಾಬಾಯಿ" ಅಂದರು. ನಿಮ್ಮ ಭಾವ ಅವರಿಗೆ ಸಿಟ್ಟು ಮಾಡಿದರು. ನನಗ ಸಿಟ್ಟು ಬರಲಿಲ್ಲ, ಹೆದರಿಕಿ ಬಂತು.

ಬೋಳು ತಲಿಗೆ ಏನು ಜವಳ ಮಾಡೋದು? ಒಂದು ಬೆರಳು ಕೂದಲರೆ ಬೇಕಲ್ಲ. ನಿಮ್ಮ ಡಾಕ್ಟರಿಗೆ ಕೇಳಿ ನೋಡು, ಔಷಧ ಸ್ವಲ್ಪ ಲಗೂ ಮುಗಿಸಿಕೊಟ್ಟಾರೇನು ಅಂತ. ಬರೀ ಕೇಳು. ಅವರು ಆಗೂದಿಲ್ಲ ಅಂದ್ರ ಬ್ಯಾಡ.

ಅಂಬಕ್ಕ


ನಾಗಪುರ
6 ಏಪ್ರಿಲ್ 1985

ಅಂಬಕ್ಕಾ,

ಸಿಹಿ ಸುದ್ದಿ. ಪತ್ರ ಓದುವ ಮೊದಲು ಬಾಯಿಗೆ ಸಕ್ಕರೆ ಹಾಕಿಕೊ.

ನಾಲ್ಕು ಸುತ್ತು ಆಯಿತು. ಡಾಕ್ಟರು ಕೊರಳು, ಕಂಕುಳು, ಹೊಟ್ಟೆ ಎಲ್ಲ ಒತ್ತಿ ನೋಡಿ "ಕೈಗೆ ಏನೂ ಸಿಗುವುದಿಲ್ಲ" ಅಂದರು. ಆಡಿಟಿನಲ್ಲಿ ನಾವು ಹೀಗೆ ಹೇಳಿದರೆ ಲಂಚ ತಿಂದಿದ್ದಾರೆ ಅನ್ನುತ್ತಾರೆ. ಡಾಕ್ಟರು ಹೇಳಿದರೆ ಸಂತೋಷ ಪಡಬೇಕು. ಆರು ಅಂದಿದ್ದರಲ್ಲ, ನಾನು ನಿನ್ನ ಜ್ಯೇಷ್ಠದ ಮಾತು ಎತ್ತಿದೆ. ಇಷ್ಟು ಚಲೋ ಆಗಿದೆ ಎಂದ ಮೇಲೆ ನಾಲ್ಕಕ್ಕೇ ಸಾಕು ಅಂತಾಯಿತು. ಮತ್ತೆ ಪ್ರಶ್ನೆ ಕೇಳಬೇಡ. ಪ್ರಭಾಗೂ ಹೇಳಿದ್ದೇನೆ, ಆಕೆ ಸತ್ಯನಾರಾಯಣನಿಗೆ ಹೇಳಿದ್ದಾಳೆ. ದೇವರುಗಳಲ್ಲಿ ಪೈಪೋಟಿ ಆಗದಿದ್ದರೆ ಸಾಕು.

ಹೊರಗೆ ಬಿಸಿಲು ಕಾಯತೊಡಗಿದೆ. ನಾನು ಆಫೀಸಿಗೆ ಹೋಗುತ್ತಿದ್ದೇನೆ, ಟೋಪಿ ಹಾಕಿಕೊಂಡು. ಎಲ್ಲರೂ ನಾನು ರಾಜಕೀಯ ಸೇರಿದೆ ಅನ್ನುತ್ತಾರೆ.

ಬಂದ ದಾರಿಗೆ ಗಂಟು ತಿರುಗಿ
ಹೋಯಿತಂತೆ ತಾನೇ ಕರಗಿ.

ಮುಹೂರ್ತ ನೋಡಿಸು.

ನರಹರಿ


ನಾಗಪುರ
20 ಮೇ 1985

ಅಂಬಕ್ಕಾ,

ಬಂತು! ಮೊದಲು ಎಳೆ ಹುಲ್ಲಿನ ಹಾಗೆ, ಈಗ ಒಂದು ಬೆರಳಿನ ಅಗಲ. ನನ್ನ ಹಳೆಯ ಕೂದಲು ತಂತಿ ಇದ್ದ ಹಾಗಿತ್ತಲ್ಲ, ಇದು ರೇಷ್ಮೆ. ಬುಡದಲ್ಲಿ ಸಣ್ಣ ಗುಂಗುರು ಬೇರೆ. ಪ್ರಭಾ ಹೋಗುತ್ತಾ ಬರುತ್ತಾ ಸವರಿ ನೋಡುತ್ತಾಳೆ, ಅಂಗಡಿಯಲ್ಲಿ ಸೀರೆ ನೋಡಿದ ಹಾಗೆ.

ಭಾನುವಾರ ಇತವಾರಿ ಬಜಾರಿಗೆ ಹೋಗಿದ್ದೆ. ಆ ಬಿಸಿಲು, ಕೈಗಾಡಿ, ಟೆಂಪೋ, ಕಾಳಿನ ಮೂಟೆಗಳ ನಡುವೆ ತೂರಿಕೊಂಡು ಹೋಗಿ ಒಂದು ಬಾಚಣಿಗೆ ಕೊಂಡೆ. ಕಪ್ಪು, ಸಣ್ಣ ಹಲ್ಲಿನದು. ಅಂಗಡಿಯವ ನನ್ನ ತಲೆ ನೋಡಿ "ಸಾಹೇಬ್, ಇಷ್ಟಕ್ಕೆ ಬಾಚಣಿಗೆ ಯಾಕೆ, ಕರವಸ್ತ್ರ ಸಾಕು" ಅಂದ. ಜಗಳ ಆಡಿ ಕೊಂಡೆ.

ಕೂದಲು ಹುಟ್ಟಿತು ಕೂಸಿನ ಹಾಗೆ,
ಬಾಚಲು ಹೊರಟೆ ಬೀಗನ ಹಾಗೆ.

ಜೂನ್ ಹತ್ತನೆಯ ತಾರೀಕಿಗೆ ನಾವಿಬ್ಬರೂ ಅಲ್ಲಿರುತ್ತೇವೆ. ಬೆಳಿಗ್ಗೆ ಸಣ್ಣಗೆ ಮೈ ಬಿಸಿ ಇರುತ್ತದೆ. ನಾಗಪುರದ ಮೇ ತಿಂಗಳಲ್ಲಿ ಗೋಡೆಗೂ ಜ್ವರ ಇರುತ್ತದೆ, ಚಿಂತೆ ಬೇಡ.

ನರಹರಿ


ವಿಜಾಪುರ
24 ಜೂನ್ 1985

ಚಿ. ನರಹರಿಗೆ ಆಶೀರ್ವಾದ. ಸುಖವಾಗಿ ಮುಟ್ಟಿದಿರಂತ ಪ್ರಭಾನ ಕಾರ್ಡು ಬಂತು.

ಇಲ್ಲಿ ಇನ್ನೂ ಜವಳದ ಮಾತೇ ಮುಗದಿಲ್ಲ. ಕ್ಷೌರದ ದೊಡ್ಡಯ್ಯ ಊರ ತುಂಬ ಹೇಳಿಕೋತ ಹೊಂಟಾನ, "ನಲವತ್ತಾರು ವರ್ಷದ ಕೂಸಿನ ತಲಿ ತಗದೀನ್ರಿ, ಒಂದ ಸರ್ತೀನೂ ಅಳಲಿಲ್ಲ" ಅಂತ. ನೀ ಅಳಲಿಲ್ಲ ಖರೆ. ನಾನಽ ಅತ್ತೆ. ಉಡ್ಯಾಗ ಬಿದ್ದ ಕೂದಲಿಗೆ ತೂಕನೇ ಇರಲಿಲ್ಲ. ಹತ್ತಿ ಬಿದ್ದಂಗ ಬಿತ್ತು. ಗಾಳಿ ಬೀಸಿದರ ಹಾರೀತಂತ ಉಸಿರು ಹಿಡಕೊಂಡು ಕೂತಿದ್ದೆ. ಎಲ್ಲಾ ಗಂಟು ಕಟ್ಟಿ ದೇವರಿಗೆ ಮುಟ್ಟಿಸೀನಿ. ನನ್ನ ಸಾಲ ತೀರಿತು.

ಒಂದು ಮಾತು. ಅಷ್ಟು ಸೆಕಿಯೊಳಗ ನೀ ಕೊರಳಿಗೆ ಉಪರಣಿ ಸುತ್ತಿಕೊಂಡು ಕೂತಿದ್ದಿ. ತಗಿ ಅಂದ್ರ ತಗೀಲಿಲ್ಲ. "ಶಾಸ್ತ್ರ ಅಕ್ಕಾ" ಅಂದಿ. ನೀ ಶಾಸ್ತ್ರ ಪಾಲಿಸಿದ್ದು ನೋಡಿ ನಿಮ್ಮ ಭಾವನಿಗೆ ಹೆಮ್ಮಿ ಆಗೇದ. ನನಗೂ ಆತು.

ಇನ್ನ ಚಂದಾಗಿ ಉಂಡು ಮೈ ಹಿಡಿ. ಇಷ್ಟ್ಯಾಕ ಸೊರಗೀದಿ?

ಅಂಬಕ್ಕ


ನಾಗಪುರ
8 ಆಗಸ್ಟ್ 1985

ಅಂಬಕ್ಕನಿಗೆ,

ತಿರುಗಿ ಬಂದಿದೆ. ಕೊರಳಲ್ಲಿ ಎರಡೂ ಕಡೆ, ಕಂಕುಳಲ್ಲಿ, ಹೊಟ್ಟೆಯ ಒಳಗೆ. ಉಪರಣಿ ಶಾಸ್ತ್ರಕ್ಕಾಗಿ ಅಲ್ಲ, ಅದನ್ನು ನೀನು ಈಗ ತಿಳಿದುಕೊಂಡಿರುತ್ತೀ. ಆವತ್ತು ಬಟಾಣಿಯಷ್ಟಿತ್ತು. ನಿನ್ನ ಉಡಿಯ ಮುಂದೆ ಅದನ್ನು ತೆರೆದು ಕೂಡಲು ನನ್ನಿಂದ ಆಗಲಿಲ್ಲ.

ಡಾಕ್ಟರ್ ಸಹಸ್ರಬುದ್ಧೆ ಈ ಸಲ ಕಿಟಕಿ ನೋಡಲಿಲ್ಲ, ನನ್ನನ್ನೇ ನೋಡಿದರು. ಮೊದಲ ಸಲ ಮೂವರಲ್ಲಿ ಒಬ್ಬ ಇತ್ತು. ಒಮ್ಮೆ ಹೋಗಿ ಇಷ್ಟು ಬೇಗ ಮರಳಿದ್ದು ಹಳೆಯ ಔಷಧಕ್ಕೆ ಹೆದರುವುದಿಲ್ಲ. ಬೇರೆ ಔಷಧ ಇವೆ, ಕೊಡುತ್ತಾರೆ, ಕೆಲವು ತಿಂಗಳು ಸಿಗಬಹುದು. ಪರದೇಶದಲ್ಲಿ ಮೂಳೆಯ ಮಜ್ಜೆ ಬದಲಿಸುವ ಪ್ರಯೋಗ ನಡೆದಿದೆಯಂತೆ. ನಮ್ಮಂಥವರಿಗೆ ಅದು ಪೇಪರಿನಲ್ಲಿ ಓದುವ ವಿಷಯ. "ಆಶೆ ಎಷ್ಟು?" ಅಂದೆ. "ಆಶೆ ಇಟ್ಟುಕೊಳ್ಳಲಿಕ್ಕೆ ನಾನು ಬೇಡ ಅನ್ನುವುದಿಲ್ಲ" ಅಂದರು.

ಇವತ್ತು ಪ್ರಾಸ ಬೇಡ.

ನರಹರಿ

[ಪತ್ರದ ಮಡಿಕೆಯ ಮೇಲೆ, ಬೇರೆ ಶಾಯಿಯಲ್ಲಿ]

ಅಂಬಕ್ಕಾ ನಾನು ಪ್ರಭಾ. ಪೋಸ್ಟಿಗೆ ಹಾಕು ಅಂತ ಇವರು ಕೊಟ್ಟರು, ಇವರಿಗೆ ಗೊತ್ತಿಲ್ಲ ನಾನು ಬರೆದದ್ದು. ನನ್ನ ಕನ್ನಡ ಬರೋಬರ್ ಇಲ್ಲ ಮಾಫ್ ಮಾಡಿ. ಡಾಕ್ಟರ್ ನನ್ನ ಮೇಲೆ ತುಂಬ ರಾಗಾವಿದರು, ಬೈದರು, ಯಾಕೆ ಬಿಟ್ಟಿರಿ ಯಾಕೆ ಬಿಟ್ಟಿರಿ ಅಂತ. ಅವರು ನಾಲ್ಕು ಸಾಕು ಅಂತ ಹೇಳಲೇ ಇಲ್ಲ. ಆರು ಬೇಕೇ ಬೇಕು ಅಂದಿದ್ದರು. ಇವರೇ ಹೋಗಲಿಲ್ಲ. ನನಗೂ ನಿಜ ಹೇಳಲಿಲ್ಲ, ಮುಗೀತು ಅಂತ ಹೇಳಿದರು. ಕೂದಲು ಬರಬೇಕು ಅಂತ. ನಾನು ಯಾರಿಗೆ ಹೇಳಲಿ ಅದಕ್ಕೆ ನಿಮಗೆ ಹೇಳಿದೆ.


ವಿಜಾಪುರ
11 ಸೆಪ್ಟೆಂಬರ್ 1985

ನರಹರಿ,

ಒಂದು ತಿಂಗಳ ಮ್ಯಾಲ ಬರೀಲಿಕ್ಕೆ ಕೂತೀನಿ. ನಾಕು ಸರ್ತಿ ಬರದು ಒಲಿಗೆ ಹಾಕೀನಿ.

ಪ್ರಭಾ ಬರದಿದ್ದಾಳ. ಆಕಿಗೆ ಬೈಬ್ಯಾಡ.

ಡಾಕ್ಟರಿಗೆ ಕೇಳು ಅಂದಿದ್ದೆ. ಆಗೂದಿಲ್ಲ ಅಂದ್ರ ಬ್ಯಾಡ ಅಂತನೂ ಬರದಿದ್ದೆ. ಬರದಿದ್ದೆನೋ ಇಲ್ಲೋ? ನಿಮ್ಮ ಭಾವ ಹೇಳತಾರ, ಬರದಿದ್ದಿ ಅಂತ. ಆದರ ನಿದ್ದಿ ಇಲ್ಲ ಅಂತನೂ ಬರದೆ, ತೂತಿನ ಕೊಡ ಅಂತನೂ ಬರದೆ. ನೀ ಸಣ್ಣವನಿದ್ದಾಗ ನನ್ನ ಮುಖ ಸಣ್ಣ ಆದರ ಸಾಕು, ನಿನ್ನ ಪಾಲಿನ ಉಂಡಿ ನನ್ನ ಕೈಯಾಗ ಇಡತಿದ್ದಿ. ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಬರದೆ.

ನಾ ಉಡಿ ಒಡ್ಡಿದ್ದು ಯಾತಕ್ಕ ಅಂತ ಈಗ ತಿಳೀತು. ಹಗೂರ ಅದ, ಹತ್ತಿ ಹಂಗ ಅದ ಅಂತ ಖುಷಿಪಟ್ಟೆನಲ್ಲೋ.

ಯಾಕ ಹೇಳಲಿಲ್ಲ? ಅಷ್ಟು ಬರಿ.

ಅಂಬಕ್ಕ


ನಾಗಪುರ
25 ಸೆಪ್ಟೆಂಬರ್ 1985

ಅಂಬಕ್ಕಾ,

ಪ್ರಭಾಗೆ ಬೈದಿಲ್ಲ. ಬೈಯುವಷ್ಟು ಉಸಿರನ್ನು ಬೇರೆ ಕೆಲಸಕ್ಕೆ ಇಟ್ಟಿದ್ದೇನೆ.

ನೀನು ಕೂದಲು ಕೇಳಿದೆ, ತಮ್ಮ ಜೀವ ಕೊಟ್ಟ ಅಂತ ಮನಸ್ಸಿನಲ್ಲಿ ಕಥೆ ಕಟ್ಟಬೇಡ. ನಾನು ಅಷ್ಟು ದೊಡ್ಡವನಲ್ಲ. ನಾಲ್ಕನೆಯ ಸುತ್ತಿನ ಹೊತ್ತಿಗೆ ರಾಮದಾಸಪೇಠದ ಆ ಬೀದಿಗೆ ರಿಕ್ಷಾ ತಿರುಗಿದರೆ ಸಾಕು, ಸೂಜಿ ಚುಚ್ಚುವ ಮೊದಲೇ ವಾಂತಿ ಆಗುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಕೆಂಪು ಶರಬತ್ತಿನ ಬಾಟಲಿ ಕಂಡರೆ ಮೋರಿ ಹುಡುಕುತ್ತಿದ್ದೆ. ಗಂಟು ಕರಗಿತ್ತು. ಕರಗಿದ ಮೇಲೂ ಇನ್ನೆರಡು ಯಾಕೆ ಅಂತ ಕೇಳಿದರೆ ಡಾಕ್ಟರು "ಕೈಗೆ ಸಿಗದ್ದು ಇಲ್ಲ ಅಂತ ಅರ್ಥವಲ್ಲ" ಅಂದರು. ಇಪ್ಪತ್ತು ವರ್ಷ ಆಡಿಟ್ ಮಾಡಿದವನಿಗೆ ಆ ಮಾತು ತಿಳಿಯಬೇಕಿತ್ತು. ತಿಳಿದಿತ್ತು. ಅಷ್ಟರಲ್ಲಿ ನಿನ್ನ ಪತ್ರ ನನ್ನ ಜೇಬಿನಲ್ಲಿತ್ತು. ಓಡಿಹೋಗಲಿಕ್ಕೆ ದಾರಿ ಹುಡುಕುತ್ತಿದ್ದವನಿಗೆ ಒಬ್ಬ ದೇವರು ಸಿಕ್ಕ.

ಆ ಎರಡು ತಗೊಂಡಿದ್ದರೆ ಉಳಿಯುತ್ತಿದ್ದೆನೇ? ಕೇಳಿದೆ. ಹೇಳಲಾಗದು ಅಂದರು. ಆರೂ ತಗೊಂಡವರಿಗೂ ಮರಳಿ ಬರುತ್ತದೆ. ಇದು ನನಗೆ ಸಮಾಧಾನ ಕೊಟ್ಟಿಲ್ಲ. ನಿನಗೆ ಕೊಟ್ಟರೆ ತಗೊ.

ಹೊಸ ಔಷಧ ಎರಡು ಸಲ ಆಯಿತು. ಗಂಟುಗಳು ಗಮನ ಕೊಟ್ಟ ಹಾಗಿಲ್ಲ. ಕೂದಲು ಮಾತ್ರ ತಪ್ಪದೆ ಉದುರಿತು. ಅದೊಂದೇ ಈ ಮನೆಯಲ್ಲಿ ಹೇಳಿದ ಮಾತು ಕೇಳುವುದು. ಬಾಚಣಿಗೆ ಕಿಟಕಿಯಲ್ಲಿದೆ. ಪ್ರಭಾ ಎತ್ತಿಡುವುದಿಲ್ಲ, ನಾನೂ ಹೇಳುವುದಿಲ್ಲ.

ಒಂದು ಕೆಲಸದ ಮಾತು. ನನಗೆ ಮಕ್ಕಳಿಲ್ಲ, ಮುಂದಿನದನ್ನೆಲ್ಲ ದತ್ತುನೇ ಮಾಡಬೇಕು. ಮಾಡಲಿ. ಆದರೆ ಅವನ ತಲೆ ಬೋಳಿಸಬೇಡಿ. ಭಟ್ಟರು ಗದ್ದಲ ಮಾಡಿದರೆ ಹೇಳು, ಈ ಮನೆಯಿಂದ ಹೋಗಬೇಕಾದ ಕೂದಲು ಹೋಗಿ ಮುಗಿದಿದೆ ಅಂತ.

ನೀನು ಬಂದುಬಿಡು. ಹರಕೆ ಹೊತ್ತು ಬರಬೇಡ, ಬರೀ ಕೈಯಲ್ಲಿ ಬಾ. ಸ್ಟೇಷನ್ನಿಗೆ ಉಮಾಪತಿ ಬರುತ್ತಾನೆ.

ಒಂದು ಸಾಲು ಬಂದಿದೆ, ಎರಡನೆಯದು ಬರುತ್ತಿಲ್ಲ.

ಅಕ್ಕನ ಉಡಿಯಲಿ ಬಿದ್ದ ಮೇಲೆ

ನರಹರಿ


ವಿಜಾಪುರ
28 ನವೆಂಬರ್ 1985

ಪ್ರಭಾಗೆ ಅಂಬಕ್ಕನ ಆಶೀರ್ವಾದ.

ನಿನಗೆ ಓದಲಿಕ್ಕೆ ಬರಲಿ ಅಂತ ದೊಡ್ಡ ಅಕ್ಷರದಾಗ ಬಿಡಿಸಿ ಬರ್ದೀನಿ. ತಿಳೀಲಿಲ್ಲ ಅಂದ್ರ ಉಮಾಪತಿ ಕಡೆ ಓದಿಸು.

ನಾವು ಸುಖವಾಗಿ ಮುಟ್ಟಿದೆವು. ಸುಖ ಅನ್ನೋದು ಬಾಯಿ ರೂಢಿ. ಘಾಟಿನ ಮ್ಯಾಲ ಭಟ್ಟರು ದತ್ತುನ ತಲಿ ನೋಡಿ "ಹೀಗೆ ನಡೆಯೋದಿಲ್ಲ" ಅಂದಾಗ ನೀನು ಮರಾಠಿಯೊಳಗ ಏನೋ ಅಂದಿಯಲ್ಲ, ಅವರು ಮಂತ್ರ ಶುರು ಮಾಡಿದರು. ಏನಂದಿ ಅಂತ ಕೇಳಬೇಕಂದೆ, ಮರತೆ. ಇಲ್ಲಿ ಓಣಿ ಮಂದಿ ದತ್ತುನ ಕೂದಲು ನೋಡಿ ಮೂಗು ಮುರೀತಾರ. ಮುರೀಲಿ.

ನಾ ಇದ್ದ ಆ ಕಡೀ ಹದಿನೈದು ದಿವಸದಾಗ ನರಹರಿ ನನ್ನ ಜೋಡಿ ಜಗಳ ಆಡಲಿಲ್ಲ, ಪ್ರಾಸ ಕಟ್ಟಲಿಲ್ಲ. ಕಡೀಕ ಕಡೀಕ ನೀರು ಬೇಕೇನೋ ಅಂದ್ರ ಮಗ್ಗಲಾದ. ಬರೀ ಕೈಲೆ ಬಾ ಅಂದಿದ್ದ, ಹಂಗಽ ಹೋಗಿದ್ದೆ, ಬರೀ ಕೈಲೇ ಬಂದೆ ಅಂತ ತಿಳಿದಿದ್ದೆ.

ನಿನ್ನೆ ಚೀಲ ಬಿಚ್ಚಿದೆ. ನೀ ಇಟ್ಟಿದ್ದ ಅವನ ಧೋತರದ ಮಡಿಕಿಯೊಳಗ ಇತವಾರಿಯ ಆ ಕರೀ ಬಾಚಣಿಗಿ ಬಂದದ. ನೀ ಬೇಕಂತ ಇಟ್ಟಿಯೋ, ಕಿಟಕ್ಯಾಗಿಂದ ತಾನಽ ಬಿತ್ತೋ ಗೊತ್ತಿಲ್ಲ. ಬೆಳಕಿಗೆ ಹಿಡದು ನೋಡಿದೆ. ಹಲ್ಲಿನ ಸಂದಿಯೊಳಗ ಎರಡು ಕೂದಲು. ಸಣ್ಣವು, ಗುಂಗುರು. ಜವಳಕ್ಕಿಂತ ಮುಂಚಿನವು.

ಉಡ್ಯಾಗ ಬಿದ್ದದ್ದೆಲ್ಲಾ ಕೊಟ್ಟೆ, ಸಾಲ ತೀರಿತು ಅಂತ ಬರದಿದ್ದೆ. ಇವೆರಡು ಉಳದಿದ್ದಕ್ಕೇ ಅವ ಹೋದನೇನು ಅಂತ ಒಂದು ಗಳಿಗಿ ಅನಿಸಿತು. ಅನಿಸಿದ್ದಕ್ಕ ನನಗ ನನ್ನ ಮ್ಯಾಲೇ ಹೇಸಿಗಿ ಬಂತು, ಪ್ರಭಾ. ಇಷ್ಟಾದ ಮ್ಯಾಲೂ ಈ ತಲಿ ಹಂಗಽ ಯೋಚನೆ ಮಾಡ್ತದ.

ನಿಮ್ಮ ಭಾವ ಪಾಪ, ನನ್ನ ಮುಖ ನೋಡಿ ಅಂದರು, "ತೊರವಿಗೆ ಹೋಗೂನು, ಇವನ್ನೂ ದೇವರಿಗೆ ಮುಟ್ಟಿಸಿಬಿಡು, ಮನಸ್ಸಿಗೆ ಸಮಾಧಾನ ಆಗ್ತದ." ಆ ದಾರೀಲೆ ಬಸ್ಸು ಹೋದರ ನಾ ಈಗ ಮುಖ ತಿರುವಿ ಕೂಡತೀನಿ, ಅದು ಅವರಿಗೆ ಗೊತ್ತಿಲ್ಲ.

ಬಾಚಣಿಗಿ ತೊಳದಿಲ್ಲ. ನನ್ನ ಪೆಟ್ಟಿಗ್ಯಾಗ ಇಟ್ಟೀನಿ. ಅದು ನಿಂದು, ನಿನಗ ಬೇಕಾದಾಗ ಬಂದು ಒಯ್ಯಿ, ಇಲ್ಲಾ ನಾನಽ ತಂದುಕೊಡತೀನಿ. ದೇವರು ಕೇಳಿದರ ಮಾತ್ರ ಕೊಡೂದಿಲ್ಲ.

ಅಂಬಕ್ಕ